ಹಸಿ ಮೀನು, ಹಸಿ ಮಾಂಸ ತಿನ್ನಬೇಕು ಅನ್ನಿಸಿದರೆ: ಆರಿಸುವುದರಿಂದ ತಟ್ಟೆಗೆ ಹಾಕುವವರೆಗೆ ಸಮಗ್ರ ಮಾರ್ಗದರ್ಶಿ

"ತುಂಬಾ ಫ್ರೆಶ್ ಆಗಿದೆ, ಏನೂ ಆಗಲ್ಲ ಬಿಡಿ." ಹಸಿ ಮೀನಿನ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಹೀಗೆ ಹೇಳಿಯೇ ಹೇಳುತ್ತಾರೆ. ಈ ಮಾತನ್ನು ನಂಬಬೇಡಿ. ಮೀನನ್ನು ಈಗಷ್ಟೇ ನೀರಿನಿಂದ ಎತ್ತಿದ್ದರೆ ಅದರೊಳಗಿನ ಹುಳವೂ ಜೀವಂತವಾಗಿಯೇ ಇರುತ್ತದೆ. ಈಗಷ್ಟೇ ಕೊಯ್ದ ಕೋಳಿಯಲ್ಲಿ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇದ್ದರೆ ಅದೂ ಅಷ್ಟೇ ಫ್ರೆಶ್. ತಾಜಾತನ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಕೆಲವು ತೊಂದರೆಗಳನ್ನು ಮಾತ್ರ ತಡೆಯುತ್ತದೆ. ಉಳಿದವಕ್ಕೆ ಬೇರೆ ಕೆಲಸ ಮಾಡಬೇಕು.

ಆ ಕೆಲಸ ಯಾವುದು, ಯಾವುದನ್ನು ಎಲ್ಲಿ ಮಾಡಬೇಕು ಅಂತ ಇಲ್ಲಿ ಒಂದೊಂದಾಗಿ ಬರೆಯುತ್ತೇನೆ. ಹೆದರಿಸಿ ಓಡಿಸುವ ಉದ್ದೇಶ ನನಗಿಲ್ಲ. ಹಸಿ ಮೀನು ನನಗೆ ತುಂಬಾ ಇಷ್ಟ. ಇಷ್ಟ ಇರುವುದರಿಂದಲೇ ಇದನ್ನು ಸರಿಯಾಗಿ ಮಾಡಬೇಕು ಅನ್ನುವ ಹಟವೂ ಇದೆ.

ಮೊದಲ ಹಂತ: ನೀವು ತಿನ್ನಬಹುದಾ?

ಕೆಲವರಿಗೆ ಉತ್ತರ ನೇರವಾಗಿ "ಬೇಡ". ಗರ್ಭಿಣಿಯರು, ಚಿಕ್ಕ ಮಕ್ಕಳು, ವಯಸ್ಸಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ಅಂಗ ಕಸಿ ಮಾಡಿಸಿಕೊಂಡವರು, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಹಸಿ ಮಾಂಸವನ್ನೂ ಹಸಿ ಮೀನನ್ನೂ ಬಿಡಬೇಕು. ಲಿವರ್ ತೊಂದರೆ ಇರುವವರು ಹಸಿ ಸಿಂಪಿಯ ಹತ್ತಿರವೂ ಹೋಗಬಾರದು.

ಗರ್ಭಿಣಿಯರ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ ಲಿಸ್ಟೀರಿಯಾ. ಈ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ತಾಯಿಗೆ ಸುಮ್ನೆ ಸ್ವಲ್ಪ ಜ್ವರ ಬಂದಂತೆ ಅನ್ನಿಸಬಹುದು, ಆದರೆ ಮಗುವಿನ ಜೀವಕ್ಕೇ ಅಪಾಯ. ಹಸಿ ಮಾಂಸದಲ್ಲಿ ಟಾಕ್ಸೋಪ್ಲಾಸ್ಮಾ ಅನ್ನುವ ಇನ್ನೊಂದು ಜೀವಿಯೂ ಇರುತ್ತದೆ, ಅದೂ ಹೊಟ್ಟೆಯೊಳಗಿನ ಮಗುವಿಗೆ ತಗಲುತ್ತದೆ. ಕೆಲವು ತಿಂಗಳು ತಡೆದುಕೊಳ್ಳಿ. ಮೀನು ಎಲ್ಲೂ ಓಡಿಹೋಗಲ್ಲ.

ಎರಡನೇ ಹಂತ: ರುಚಿ ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ, ಯಾಕೆಂದರೆ ಏನನ್ನು ಆರಿಸಬೇಕು, ಹೇಗೆ ಕತ್ತರಿಸಬೇಕು ಅನ್ನುವುದೆಲ್ಲ ಇದರ ಮೇಲೆಯೇ ನಿಂತಿದೆ.

ಮೀನು ನೀರಿನಲ್ಲಿ ತೇಲುತ್ತದೆ, ತನ್ನ ಭಾರವನ್ನು ತಾನು ಹೊರುವುದಿಲ್ಲ. ಹಾಗಾಗಿ ಅದರ ಮಾಂಸದಲ್ಲಿ ನಾರು ಕಟ್ಟುವ ಕೊಲಾಜನ್ ಕಡಿಮೆ, ಸ್ನಾಯುವಿನ ಎಳೆಗಳೂ ಗಿಡ್ಡ. ಬೇಯಿಸದೆಯೇ ಹಲ್ಲಿಗೆ ಮೆತ್ತಗೆ ಸಿಗುತ್ತದೆ. ದನ, ಕುರಿಯ ಮಾಂಸ ಹಾಗಲ್ಲ, ಉದ್ದ ಎಳೆ, ಗಟ್ಟಿ ನಾರು. ಅದಕ್ಕೇ ಹಸಿ ದನದ ಮಾಂಸವನ್ನು ಎಲ್ಲ ಕಡೆಯೂ ಒಂದೋ ಸಣ್ಣಗೆ ಕೊಚ್ಚುತ್ತಾರೆ, ಇಲ್ಲವೇ ಕಾಗದದಷ್ಟು ತೆಳುವಾಗಿ ಹೆರೆಯುತ್ತಾರೆ. ಫ್ರಾನ್ಸಿನ ಟಾರ್ಟಾರ್, ಇಥಿಯೋಪಿಯಾದ ಕಿಟ್ಫೊ, ಲೆಬನಾನಿನ ಕಿಬ್ಬೆ ನಯ್ಯೆ, ಕೊರಿಯಾದ ಯುಕ್ಹೆ ಕೊಚ್ಚುವ, ಅರೆಯುವ ಅಥವಾ ಸಣ್ಣ ಎಳೆಯಾಗಿ ಸೀಳುವ ಬಗೆಗಳು. ಇಟಲಿಯ ಕಾರ್ಪಾಚೊ ತೆಳುವಾಗಿ ಹೆರೆಯುವ ಬಗೆ.

ಕೊಬ್ಬಿನ ಕಥೆಯೂ ಇದೆ. ಸಾಲ್ಮನ್ ಕೊಬ್ಬು ತಂಪಿನಲ್ಲೂ ಎಣ್ಣೆಯಂತೆ ಇರುತ್ತದೆ, ನಾಲಿಗೆಯ ಮೇಲೆ ಹರಡಿಕೊಳ್ಳುತ್ತದೆ. ದನದ ಕೊಬ್ಬು ಕರಗಬೇಕಾದರೆ ಬಾಯಿಯ ಬಿಸಿ ಸಾಲದು, ಸುಮಾರು 40 ಡಿಗ್ರಿ ಅಥವಾ ಅದಕ್ಕೂ ಜಾಸ್ತಿ ಬೇಕು. ಹಸಿಯಾಗಿ ತಿಂದರೆ ಮೇಣ ಜಗಿದಂತೆ ಅಂಟಿಕೊಳ್ಳುತ್ತದೆ. ಆದ್ದರಿಂದ ಮೀನಿನಲ್ಲಿ ಕೊಬ್ಬಿನ ಭಾಗ ಹುಡುಕಿ, ದನದಲ್ಲಿ ಕೊಬ್ಬಿಲ್ಲದ ಭಾಗ ಹುಡುಕಿ.

ಇನ್ನು ಉಮಾಮಿ, ಅಂದರೆ ಮಾಂಸದ ಸಾರಿನಲ್ಲಿ ಸಿಗುವಂಥ ಗಾಢ ರುಚಿ. ಮೀನು ಸತ್ತ ಮೇಲೆ ಅದರ ಸ್ನಾಯುವಿನಲ್ಲಿದ್ದ ಶಕ್ತಿಯ ಕಣಗಳು ಒಡೆಯುತ್ತಾ ಇನೋಸಿನೇಟ್ ಅನ್ನುವ ವಸ್ತುವಾಗುತ್ತವೆ. ಒಣಗಿಸಿದ ಬೊನಿಟೊ ಮೀನಿನ ರುಚಿಗೆ ಇದೇ ಕಾರಣ ಅಂತ ಜಪಾನಿನ ಶಿಂತಾರೊ ಕೊಡಾಮಾ 1913ರಲ್ಲೇ ತೋರಿಸಿದ್ದರು. ಇದು ಹಿಡಿದ ತಕ್ಷಣ ಇರುವುದಿಲ್ಲ, ನಿಧಾನವಾಗಿ ಕೂಡಿಕೊಳ್ಳುತ್ತದೆ, ಆಮೇಲೆ ಅದೂ ಒಡೆದು ಕಹಿಯ ಕಡೆಗೆ ತಿರುಗುತ್ತದೆ. ಅಂದರೆ ಇದೀಗ ಸತ್ತ ಮೀನು ಗಟ್ಟಿಯಾಗಿ, ಸಪ್ಪೆಯಾಗಿ ಇರುತ್ತದೆ. ಸರಿಯಾಗಿ ಕೊಂದು, ರಕ್ತ ತೆಗೆದು, ಮಂಜುಗಡ್ಡೆಯ ಮೇಲೆ ಇಟ್ಟ ಮೀನು ಒಂದೆರಡು ದಿನಕ್ಕೆ ಹೆಚ್ಚು ರುಚಿ ಕೊಡುತ್ತದೆ. ಜಪಾನಿನ ಇಕೆಜಿಮೆ ವಿಧಾನದ ಗುಟ್ಟು ಇದೇ. ಮೀನಿನ ಮಿದುಳಿಗೆ ಚುಚ್ಚಿ, ಬೆನ್ನುಹುರಿಯಲ್ಲಿ ತಂತಿ ಹಾಯಿಸಿದರೆ ಅದು ಒದ್ದಾಡುವುದಿಲ್ಲ, ಆ ಶಕ್ತಿ ಪೋಲಾಗುವುದಿಲ್ಲ. "ಫ್ರೆಶ್ ಆದಷ್ಟೂ ರುಚಿ" ಅನ್ನುವ ಮಾತು ರುಚಿಯ ಲೆಕ್ಕದಲ್ಲೂ ಪೂರ್ತಿ ನಿಜ ಅಲ್ಲ, ನೋಡಿ.

ಮೂರನೇ ಹಂತ: ಮೂರು ಬೇರೆ ಬೇರೆ ಶತ್ರುಗಳನ್ನು ಗುರುತು ಹಿಡಿಯಿರಿ

ಜನ ಎಡವುವುದು ಇಲ್ಲೇ. "ಹಸಿ ತಿಂದರೆ ಫುಡ್ ಪಾಯ್ಸನ್" ಅಂತ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಆಮೇಲೆ ಒಂದು ಶತ್ರುವಿಗೆ ಮಾಡುವ ಉಪಾಯವನ್ನು ಇನ್ನೊಂದರ ಮೇಲೆ ಪ್ರಯೋಗಿಸಿ ಸಮಾಧಾನ ಪಟ್ಟುಕೊಳ್ಳುತ್ತಾರೆ.

ಒಂದು, ಹುಳಗಳು. ಕಡಲ ಮೀನು ಮತ್ತು ಸ್ಕ್ವಿಡ್‌ನಲ್ಲಿ ಅನಿಸಾಕಿಸ್ ಇರುತ್ತದೆ. ಸುಮಾರು 2 ಸೆಂಟಿಮೀಟರ್ ಉದ್ದ, ಬಿಳಿಯ ದಾರ, ಹೆಚ್ಚಾಗಿ ಸುರುಳಿ ಸುತ್ತಿಕೊಂಡಿರುತ್ತದೆ. ನುಂಗಿದರೆ ಹೊಟ್ಟೆಯ ಗೋಡೆಗೆ ಕೊರೆಯುತ್ತದೆ, ಕೆಲವೇ ಗಂಟೆಗಳಲ್ಲಿ ಸಹಿಸಲಾಗದ ನೋವು. ಸಾಲ್ಮನ್‌ನಲ್ಲಿ ಮತ್ತು ಕೆಲವು ಸಿಹಿನೀರಿನ ಮೀನುಗಳಲ್ಲಿ ಲಾಡಿಹುಳದ ಮರಿ ಇರಬಹುದು. ಅದು ಕರುಳಿನಲ್ಲಿ ಮೀಟರ್‌ಗಟ್ಟಲೆ ಬೆಳೆಯುತ್ತದೆ, ಬಿ12 ವಿಟಮಿನ್ ಕದಿಯುತ್ತದೆ. ಹುಳಗಳನ್ನು ಕೊಲ್ಲುವುದು ಬಿಸಿ, ಇಲ್ಲವೇ ಆಳವಾದ ಶೀತ.

ಎರಡು, ಬ್ಯಾಕ್ಟೀರಿಯಾ ಮತ್ತು ವೈರಸ್. ಸಾಲ್ಮೊನೆಲ್ಲಾ, ಇ. ಕೋಲೈ, ಕ್ಯಾಂಪಿಲೋಬ್ಯಾಕ್ಟರ್, ವಿಬ್ರಿಯೊ, ನೊರೊವೈರಸ್. ಫ್ರೀಜ್ ಮಾಡಿದರೆ ಇವುಗಳಲ್ಲಿ ಹೆಚ್ಚಿನವು ನಿದ್ದೆ ಮಾಡುತ್ತವೆ ಅಷ್ಟೇ, ಪೂರ್ತಿ ಸಾಯುವುದಿಲ್ಲ. ಇವನ್ನು ತಡೆಯುವುದು ಸ್ವಚ್ಛತೆ, ತಂಪು, ಮತ್ತು ಸರಿಯಾದ ಪ್ರಾಣಿಯ ಆಯ್ಕೆ.

ಮೂರು, ವಿಷ. ಟ್ಯೂನಾ, ಬಂಗುಡೆಯಂಥ ಮೀನನ್ನು ತಂಪಿನಿಂದ ಹೊರಗೆ ಬಿಟ್ಟರೆ ಅದರಲ್ಲಿ ಹಿಸ್ಟಮೀನ್ ಹುಟ್ಟುತ್ತದೆ. ಒಮ್ಮೆ ಹುಟ್ಟಿದ ಮೇಲೆ ಫ್ರೀಜ್ ಮಾಡಿದರೂ ಹೋಗಲ್ಲ, ಕುದಿಸಿದರೂ ಹೋಗಲ್ಲ. ಹವಳದ ದಿಬ್ಬಗಳ ದೊಡ್ಡ ಮೀನುಗಳಲ್ಲಿ ಸಿಗುವ ಸಿಗ್ವಾಟೆರಾ ವಿಷವೂ ಹಾಗೇ. ತಂಪಿನ ಸರಪಳಿ ಎಲ್ಲೂ ಕಡಿಯದಿದ್ದರೆ ಹಿಸ್ಟಮೀನ್ ಹುಟ್ಟುವುದಿಲ್ಲ. ಸಿಗ್ವಾಟೆರಾಕ್ಕೆ ಅಂಥ ಮೀನನ್ನೇ ಬಿಡಬೇಕು.

ಮುಂದೆ ಓದುವ ಪ್ರತಿಯೊಂದು ಹಂತದಲ್ಲೂ "ಇದು ಯಾವ ಶತ್ರುವಿಗೆ?" ಅಂತ ಕೇಳಿಕೊಳ್ಳಿ.

ನಾಲ್ಕನೇ ಹಂತ: ಪ್ರಾಣಿಯನ್ನು ಆರಿಸಿ

ಹೊಸಬರಿಗೆ ನನ್ನ ಮೊದಲ ಸಲಹೆ ಸಾಕಿದ ಅಟ್ಲಾಂಟಿಕ್ ಸಾಲ್ಮನ್. ಅದು ತಿನ್ನುವುದು ಕಾರ್ಖಾನೆಯ ಒಣ ಗುಳಿಗೆ. ಹುಳ ಇರುವ ಸಣ್ಣ ಜೀವಿಗಳನ್ನು ತಿನ್ನುವ ಅವಕಾಶವೇ ಕಡಿಮೆ. ಅದಕ್ಕೇ ಅಮೆರಿಕದಲ್ಲೂ ಯುರೋಪಿನಲ್ಲೂ ಇಂಥ ಮೀನಿಗೆ ಕಡ್ಡಾಯ ಫ್ರೀಜಿಂಗ್‌ನಿಂದ ವಿನಾಯಿತಿ ಕೊಟ್ಟಿದ್ದಾರೆ. ಸುಶಿ (ಅನ್ನದ ಮೇಲೆ ಮೀನಿಟ್ಟು ಕೊಡುವ ಜಪಾನಿನ ತಿನಿಸು) ಅಂದ ಕೂಡಲೇ ಸಾಲ್ಮನ್ ನೆನಪಾಗುತ್ತದೆ, ಅಲ್ವಾ? ಆದರೆ ಜಪಾನಿನಲ್ಲಿ ಮೊದಲು ಸಾಲ್ಮನ್ ಅನ್ನು ಹಸಿ ತಿನ್ನುತ್ತಿರಲಿಲ್ಲ, ಅವರ ಪೆಸಿಫಿಕ್ ಸಾಲ್ಮನ್‌ನಲ್ಲಿ ಹುಳದ ಭಯ ಇತ್ತು. 1980ರ ದಶಕದಲ್ಲಿ ನಾರ್ವೆಯವರು ತಮ್ಮ ಸಾಕಿದ ಸಾಲ್ಮನ್ ತಂದು ಪ್ರಚಾರ ಮಾಡಿದ ಮೇಲೆ ಅದು ಅಲ್ಲಿನ ಸುಶಿಯ ಮೇಲೆ ಕೂತಿತು. ಸಾಕದೆ ತಾನಾಗಿ ಬೆಳೆದ ಸಾಲ್ಮನ್ ಆದರೆ ಫ್ರೀಜ್ ಆಗದೆ ಮುಟ್ಟಬೇಡಿ.

ಟ್ಯೂನಾದಲ್ಲಿ, ಮುಖ್ಯವಾಗಿ ಹಳದಿ ರೆಕ್ಕೆ, ನೀಲಿ ರೆಕ್ಕೆ, ದೊಡ್ಡಗಣ್ಣಿನ ಜಾತಿಗಳಲ್ಲಿ, ಹುಳದ ಸಮಸ್ಯೆ ಕಡಿಮೆ. ಅಲ್ಲಿ ನೋಡಬೇಕಾದ್ದು ಹಿಸ್ಟಮೀನ್. ಬಂಗುಡೆ, ಹೆರಿಂಗ್, ಕಾಡ್, ಸ್ಕ್ವಿಡ್ ಇವುಗಳಲ್ಲಿ ಅನಿಸಾಕಿಸ್ ಜಾಸ್ತಿ, ಫ್ರೀಜಿಂಗ್ ಕಡ್ಡಾಯ ಅಂತಲೇ ಇಟ್ಟುಕೊಳ್ಳಿ.

ಕೆರೆ, ಹೊಳೆಯ ಮೀನು ಹಸಿಯಾಗಿ ಬೇಡ. ಇದರಲ್ಲಿ ನನಗೆ ರಾಜಿಯೇ ಇಲ್ಲ. ಈಶಾನ್ಯ ಥಾಯ್ಲೆಂಡ್ ಮತ್ತು ಲಾವೋಸ್‌ನಲ್ಲಿ ಕೊಯ್ ಪ್ಲಾ ಅಂತ ಹಸಿ ಹೊಳೆ ಮೀನಿನ ಖಾದ್ಯ ಇದೆ, ನಿಂಬೆ ರಸ, ಸೊಪ್ಪು, ಖಾರ ಹಾಕಿ ಕಲಸುತ್ತಾರೆ. ಅದರ ಮೂಲಕ ಒಪಿಸ್ಥಾರ್ಕಿಸ್ ಅನ್ನುವ ಹುಳ ಪಿತ್ತನಾಳದಲ್ಲಿ ಸೇರಿ ವರ್ಷಗಟ್ಟಲೆ ಅಲ್ಲೇ ಕೂರುತ್ತದೆ, ಕೊನೆಗೆ ಪಿತ್ತನಾಳದ ಕ್ಯಾನ್ಸರ್ ತರಬಹುದು. ಆ ಭಾಗದಲ್ಲಿ ಈ ಕ್ಯಾನ್ಸರ್ ಅಷ್ಟೊಂದು ಕಾಣಿಸುವುದಕ್ಕೆ ಇದೇ ದೊಡ್ಡ ಕಾರಣ. ತಿಂದ ದಿನ ಏನೂ ಗೊತ್ತಾಗುವುದಿಲ್ಲ. "ನಾನು ಎಷ್ಟೋ ಸಲ ತಿಂದಿದ್ದೇನೆ, ಏನೂ ಆಗಿಲ್ಲ" ಅನ್ನುವ ಮಾತಿಗೆ ಇಲ್ಲಿ ಬೆಲೆಯೇ ಇಲ್ಲ. ಹೊಳೆ ಏಡಿಯೂ ಬೇಡ, ಅದರಲ್ಲಿ ಶ್ವಾಸಕೋಶಕ್ಕೆ ಹೋಗುವ ಹುಳ ಇದೆ. ಬಸವನಹುಳು ಅಂತೂ ಬೇಡವೇ ಬೇಡ, ಅದರಲ್ಲಿರುವ ಒಂದು ಹುಳ ಮಿದುಳಿಗೆ ಹೋಗುತ್ತದೆ.

ಸಿಂಪಿ, ಅಂದರೆ ಆಯ್ಸ್ಟರ್, ನೀರನ್ನು ಸೋಸಿ ತಿನ್ನುವ ಜೀವಿ. ನೀರಿನಲ್ಲಿ ಇದ್ದದ್ದೆಲ್ಲ ಅದರೊಳಗೆ ಸೇರುತ್ತದೆ. ಬೆಚ್ಚಗಿನ ಕಡಲ ನೀರಿನಲ್ಲಿ ವಿಬ್ರಿಯೊ ವಲ್ನಿಫಿಕಸ್ ಬೆಳೆಯುತ್ತದೆ. ಅದು ತಗಲಿ ಗಂಭೀರವಾದವರಲ್ಲಿ ಸುಮಾರು 5ರಲ್ಲಿ 1 ಜನ ಸಾಯುತ್ತಾರೆ, ಕೆಲವರು ಒಂದೆರಡು ದಿನದಲ್ಲೇ. ಅಂಥ ಸಿಂಪಿಯ ವಾಸನೆ, ರುಚಿ, ನೋಟ ಯಾವುದರಲ್ಲೂ ವ್ಯತ್ಯಾಸ ಕಾಣಿಸಲ್ಲ. ಆರೋಗ್ಯವಂತರು ಚಳಿಗಾಲದಲ್ಲಿ, ಎಲ್ಲಿ ಯಾವಾಗ ಹಿಡಿದದ್ದು ಅಂತ ಚೀಟಿ ಇರುವ, ಜೀವಂತ ಸಿಂಪಿ ತಿನ್ನಬಹುದು. ಚಿಪ್ಪು ಬಾಯಿ ಬಿಟ್ಟಿದ್ದು, ತಟ್ಟಿದರೂ ಮುಚ್ಚದಿದ್ದರೆ ಎಸೆಯಿರಿ.

ಇನ್ನು ನೆಲದ ಪ್ರಾಣಿಗಳು. ಹಸಿ ಕೋಳಿ ಬೇಡ. ಜಪಾನಿನ ಕಗೋಶಿಮಾ, ಮಿಯಾಝಾಕಿ ಕಡೆ ತಿನ್ನುತ್ತಾರೆ ನಿಜ, ಅದಕ್ಕೆ ಅಲ್ಲಿ ಬೇರೆಯೇ ನಿಯಮ ಇದೆ, ಆದರೂ ಕ್ಯಾಂಪಿಲೋಬ್ಯಾಕ್ಟರ್ ಕಾಡುತ್ತಲೇ ಇದೆ. ಅದರ ಸೋಂಕಿನ ನಂತರ ಕೆಲವರಿಗೆ ಗಿಲನ್ ಬಾರೆ ಅನ್ನುವ ನರದ ಕಾಯಿಲೆ ಬಂದು ಕೈಕಾಲು ಸೋಲುತ್ತದೆ. ಹಸಿ ಹಂದಿಯನ್ನು ಜರ್ಮನಿಯಲ್ಲಿ ಮೆಟ್ ಅಂತ ಬ್ರೆಡ್ಡಿನ ಮೇಲೆ ಹಚ್ಚಿ ತಿನ್ನುತ್ತಾರೆ. ಅಲ್ಲಿ ಹಂದಿಯನ್ನು ಟ್ರಿಕಿನೆಲ್ಲಾ ಹುಳಕ್ಕೆ ಪರೀಕ್ಷಿಸುವ ಪದ್ಧತಿ 19ನೇ ಶತಮಾನದಿಂದಲೇ ಬಂದಿದೆ. ಅಂಥ ಪರೀಕ್ಷೆ ಇದ್ದ ಮೇಲೂ ಯೆರ್ಸಿನಿಯಾ ಬ್ಯಾಕ್ಟೀರಿಯಾ, ಹೆಪಟೈಟಿಸ್ ಇ ವೈರಸ್‌ನ ಅಪಾಯ ಉಳಿದೇ ಇರುತ್ತದೆ. ಆ ವ್ಯವಸ್ಥೆ ಇಲ್ಲದ ಕಡೆ ಹಸಿ ಹಂದಿಯ ಯೋಚನೆಯನ್ನೇ ಬಿಡಿ. ಕಾಡುಹಂದಿ, ಕರಡಿಯಂಥ ಬೇಟೆ ಮಾಂಸದಲ್ಲಿ ಶೀತಕ್ಕೂ ಬಗ್ಗದ ಟ್ರಿಕಿನೆಲ್ಲಾ ಇರಬಹುದು, ಫ್ರೀಜರ್ ಅದನ್ನು ಕೊಲ್ಲುತ್ತದೆ ಅಂತ ಹೇಳಲಾಗುವುದಿಲ್ಲ. ಯಾವ ಪ್ರಾಣಿಯದ್ದೇ ಆಗಲಿ, ಲಿವರ್ ಹಸಿಯಾಗಿ ಬೇಡ.

ಉಳಿಯುವುದು ದನದ ಇಡೀ ತುಂಡು. ಅದಕ್ಕೆ ಏಳನೇ ಹಂತದಲ್ಲಿ ಬರುತ್ತೇನೆ.

ಐದನೇ ಹಂತ: ಕೊಳ್ಳುವಾಗ ಕೇಳಿ

"ಸುಶಿ ಗ್ರೇಡ್" ಅಂತ ಬರೆದ ಚೀಟಿ ನೋಡಿ ಮರುಳಾಗಬೇಡಿ. ಅಮೆರಿಕದಲ್ಲಿ ಆ ಹೆಸರಿಗೆ ಕಾನೂನಿನ ಅರ್ಥವೇ ಇಲ್ಲ, ಮಾರುವವರು ಹಾಕಿಕೊಂಡದ್ದು. ಅದರ ಬದಲು ಮೂರು ಪ್ರಶ್ನೆ ಕೇಳಿ: ಸಾಕಿದ್ದಾ, ತಾನಾಗಿ ಬೆಳೆದದ್ದಾ? ಹುಳ ಕೊಲ್ಲುವ ಮಟ್ಟಕ್ಕೆ ಫ್ರೀಜ್ ಆಗಿದೆಯಾ, ಎಷ್ಟು ಡಿಗ್ರಿ, ಎಷ್ಟು ಹೊತ್ತು? ಹಸಿ ತಿನ್ನಲು ಅಂತಲೇ ಬೇರೆ ಹಲಗೆ, ಬೇರೆ ಚಾಕುವಿನಲ್ಲಿ ಕತ್ತರಿಸಿದ್ದಾ? ಉತ್ತರ ತಡವರಿಸಿದರೆ ಆ ಮೀನನ್ನು ಹುರಿದು ತಿನ್ನಿ, ಅದಕ್ಕೇನೂ ಕೊರತೆ ಇಲ್ಲ.

ಇಡೀ ಮೀನು ಸಿಕ್ಕರೆ ನೋಡುವುದು ಸುಲಭ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಾಗಿರಬೇಕು, ಒತ್ತಿದ ಜಾಗ ಮತ್ತೆ ಮೇಲೆ ಬರಬೇಕು, ಕಡಲಿನ ವಾಸನೆ ಇರಬೇಕೇ ಹೊರತು ಮೀನಿನ ನಾತ ಅಲ್ಲ. ಹೊಟ್ಟೆ ಆದಷ್ಟು ಬೇಗ ಸ್ವಚ್ಛ ಮಾಡಿಸಿ. ಅನಿಸಾಕಿಸ್ ಹೆಚ್ಚಾಗಿ ಕರುಳಿನ ಸುತ್ತ ಇರುತ್ತದೆ, ಮೀನು ಸತ್ತ ಮೇಲೆ ಕೆಲವು ಅಲ್ಲಿಂದ ಮಾಂಸದೊಳಕ್ಕೆ ನುಗ್ಗುತ್ತವೆ. ಮನೆಗೆ ತರುವಾಗ ಮಂಜುಗಡ್ಡೆ ಜೊತೆಯಲ್ಲಿರಲಿ. ಇದು ಹಿಸ್ಟಮೀನ್‌ಗೆ ಮಾಡುವ ಉಪಾಯ, ಹುಳಕ್ಕೆ ಅಲ್ಲ.

ಆರನೇ ಹಂತ: ಫ್ರೀಜಿಂಗ್

ಹುಳ ಕೊಲ್ಲಲು ಮೂರು ಲೆಕ್ಕ ನೆನಪಿಡಿ. ಅಮೆರಿಕದ ಆಹಾರ ಇಲಾಖೆ ಹೇಳುವುದು: ಮೈನಸ್ 20 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗೆ 7 ದಿನ, ಇಲ್ಲವೇ ಮೈನಸ್ 35 ಡಿಗ್ರಿಯಲ್ಲಿ ಗಟ್ಟಿಯಾಗಿಸಿ ಅದೇ ತಂಪಿನಲ್ಲಿ 15 ಗಂಟೆ. ಯುರೋಪಿನ ನಿಯಮದಲ್ಲಿ ಮೀನಿನ ಒಳಭಾಗವೂ ಮೈನಸ್ 20 ಮುಟ್ಟಿ ಕನಿಷ್ಠ 24 ಗಂಟೆ ಇರಬೇಕು, ಅಥವಾ ಮೈನಸ್ 35ರಲ್ಲಿ 15 ಗಂಟೆ.

ಈ ನಿಯಮದ ಹಿಂದೆ ಒಂದು ಕಥೆ ಇದೆ. ಹಾಲೆಂಡಿನವರು ಎಳೆಯ ಹೆರಿಂಗ್ ಮೀನನ್ನು ಸ್ವಲ್ಪವೇ ಉಪ್ಪು ಹಾಕಿ, ಬೇಯಿಸದೆ, ಬಾಲ ಹಿಡಿದು ಎತ್ತಿ ತಿನ್ನುತ್ತಾರೆ. ಅಲ್ಲಿ ಜನರಿಗೆ ಬರುತ್ತಿದ್ದ ತೀವ್ರ ಹೊಟ್ಟೆನೋವಿಗೆ ಅನಿಸಾಕಿಸ್ ಹುಳ ಕಾರಣ ಅಂತ 1960ರಲ್ಲಿ ವಾನ್ ಥೀಲ್ ಅನ್ನುವ ವಿಜ್ಞಾನಿ ಮತ್ತು ಜೊತೆಗಾರರು ಬರೆದರು. 1968ರಲ್ಲಿ ಹೆರಿಂಗ್ ಅನ್ನು ಫ್ರೀಜ್ ಮಾಡಿಯೇ ಮಾರಬೇಕು ಅಂತ ಕಾನೂನು ಬಂತು, ಕಾಯಿಲೆ ಹೆಚ್ಚುಕಡಿಮೆ ಮಾಯವಾಯಿತು. ಜನ ಇವತ್ತಿಗೂ ಅದೇ ಮೀನನ್ನು ಅಷ್ಟೇ ಖುಷಿಯಾಗಿ ತಿನ್ನುತ್ತಿದ್ದಾರೆ. ರುಚಿ ಬಿಡಬೇಕಾಗಿ ಬರಲಿಲ್ಲ. ನನಗೆ ಈ ಕಥೆ ತುಂಬಾ ಹಿಡಿಸುತ್ತದೆ.

ಈಗ ನಿಮ್ಮ ಮನೆಯ ಫ್ರೀಜರ್ ವಿಷಯ. ಸಾಮಾನ್ಯವಾಗಿ ಅದು ಮೈನಸ್ 18ಕ್ಕೆ ನಿಲ್ಲುತ್ತದೆ, ಬಾಗಿಲು ತೆಗೆದು ಹಾಕಿದಂತೆಲ್ಲ ಇನ್ನೂ ಮೇಲೇರುತ್ತದೆ. ಹಾಗಾಗಿ ಒಂದು ಫ್ರೀಜರ್ ಥರ್ಮಾಮೀಟರ್ ಒಳಗೆ ಇಟ್ಟು ನೋಡಿ. ಮೈನಸ್ 20 ಅಥವಾ ಕೆಳಗೆ ನಿಲ್ಲದಿದ್ದರೆ ಅದನ್ನು ಹುಳ ಕೊಲ್ಲುವ ಯಂತ್ರ ಅಂತ ನಂಬಬೇಡಿ, ಕಾರ್ಖಾನೆಯಲ್ಲಿ ಫ್ರೀಜ್ ಆದದ್ದನ್ನೇ ಕೊಳ್ಳಿ. ನಿಂತರೆ, ಮೀನನ್ನು ತೆಳುವಾದ ತುಂಡು ಮಾಡಿ, ಗಾಳಿ ಇಲ್ಲದಂತೆ ಸುತ್ತಿ, ಒಂದರ ಮೇಲೊಂದು ಪೇರಿಸದೆ ಇಡಿ. 7 ದಿನದ ಲೆಕ್ಕವನ್ನು ಅದು ಒಳಗಿನವರೆಗೆ ಗಟ್ಟಿಯಾದ ಮೇಲೆ ಶುರು ಮಾಡಿ.

ಕರಗಿಸುವುದು ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ, ರಾತ್ರಿಯಿಡೀ. ಹೊರಗೆ ಬೇಡ, ಬಿಸಿನೀರು ಬೇಡ. ವ್ಯಾಕ್ಯೂಮ್ ಪ್ಯಾಕ್ ಆಗಿದ್ದರೆ ಕರಗಿಸುವ ಮೊದಲೇ ಕವರ್ ಹರಿದುಬಿಡಿ. ಗಾಳಿ ಇಲ್ಲದ ಜಾಗದಲ್ಲಿ ಬಾಟ್ಯುಲಿಸಂ (ನರಗಳನ್ನು ಸೋಲಿಸುವ ಕಾಯಿಲೆ) ತರುವ ಬ್ಯಾಕ್ಟೀರಿಯಾ ವಿಷ ಮಾಡಬಲ್ಲದು, ಮೀನಿನಲ್ಲಿ ಸಿಗುವ ಬಗೆ ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ಬಹಳ ಜನರಿಗೆ ಇದು ಗೊತ್ತಿಲ್ಲ, ದಯವಿಟ್ಟು ನೆನಪಿಡಿ. ಕರಗಿದ ಮೀನನ್ನು ಪೇಪರ್ ಟವಲ್‌ನಿಂದ ಒತ್ತಿ ಒಣಗಿಸಿ, ಅದೇ ದಿನ ತಿನ್ನಿ.

ಏಳನೇ ಹಂತ: ಹಸಿ ದನದ ಮಾಂಸ ಮಾಡುವುದಾದರೆ

ಆರೋಗ್ಯವಂತ ದನದ ಸ್ನಾಯುವಿನ ಒಳಭಾಗದಲ್ಲಿ ಬ್ಯಾಕ್ಟೀರಿಯಾ ಇರುವುದು ತೀರಾ ಕಡಿಮೆ. ಇ. ಕೋಲೈ ಬರುವುದು ಕರುಳಿನಿಂದ, ಚರ್ಮದಿಂದ, ಕಡಿಯುವ ಮನೆಯಲ್ಲಿ, ಅದೂ ಮೇಲ್ಮೈಗೆ. ಮಾಂಸವನ್ನು ಯಂತ್ರಕ್ಕೆ ಹಾಕಿ ಅರೆದ ಕೂಡಲೇ ಮೇಲಿನದ್ದೆಲ್ಲ ಒಳಗೆ ಬೆರೆಯುತ್ತದೆ, ಎಷ್ಟೋ ದನಗಳ ಮಾಂಸ ಒಂದೇ ರಾಶಿಯಾಗುತ್ತದೆ. ಅಂಗಡಿಯ ಕೀಮಾವನ್ನು ಹಸಿ ತಿನ್ನಲೇಬಾರದು ಅನ್ನುವುದು ಇದಕ್ಕೇ. 1993ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಬೇಯದ ಬರ್ಗರ್‌ನಿಂದ 700ಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದು 4 ಮಕ್ಕಳು ಸತ್ತರು. ಅದು ಇ. ಕೋಲೈ ಒ157. ಜಪಾನಿನಲ್ಲಿ 2011ರಲ್ಲಿ ಹಸಿ ದನದ ಯುಕ್ಹೆ ತಿಂದು 5 ಜನ ಸತ್ತರು. ಅದೇ ವರ್ಷ ಅಲ್ಲಿ ಹೊಸ ನಿಯಮ ಬಂತು: ಹಸಿ ತಿನ್ನುವ ತುಂಡನ್ನು ಮೇಲಿನಿಂದ 1 ಸೆಂಟಿಮೀಟರ್ ಆಳದವರೆಗೆ 60 ಡಿಗ್ರಿಯಲ್ಲಿ 2 ನಿಮಿಷ ಬಿಸಿ ಮಾಡಿ, ಆ ಹೊರಭಾಗವನ್ನು ಕತ್ತರಿಸಿ ತೆಗೆಯಬೇಕು. 2012ರಲ್ಲಿ ಹಸಿ ದನದ ಲಿವರ್, 2015ರಲ್ಲಿ ಹಸಿ ಹಂದಿ ಮಾರುವುದನ್ನೂ ನಿಷೇಧಿಸಿದರು.

ಇದೇ ತತ್ವವನ್ನು ಮನೆಗೆ ತನ್ನಿ. ಒಂದೇ ದಪ್ಪ ತುಂಡು ಕೊಳ್ಳಿ, ಟೆಂಡರ್‌ಲಾಯ್ನ್ (ಬೆನ್ನಿನ ಒಳಬದಿಯ ಮೆತ್ತಗಿನ ತುಂಡು) ಆದರೆ ಒಳ್ಳೆಯದು, ಕೊಬ್ಬೂ ಕಡಿಮೆ ನಾರೂ ಕಡಿಮೆ. ಮೆತ್ತಗಾಗಲಿ ಅಂತ ಸೂಜಿಯಿಂದ ಚುಚ್ಚಿದ ಮಾಂಸ ಬೇಡ, ಆ ಸೂಜಿ ಮೇಲಿನ ಕೊಳೆಯನ್ನು ಒಳಗೆ ತಳ್ಳಿರುತ್ತದೆ. ಕೆಲವು ದಿನ ಫ್ರೀಜ್ ಮಾಡಿಟ್ಟರೆ ಟಾಕ್ಸೋಪ್ಲಾಸ್ಮಾ ಮತ್ತು ಲಾಡಿಹುಳದ ಅಪಾಯ ತಗ್ಗುತ್ತದೆ. ಆಮೇಲೆ ಕರಗಿಸಿ, ಒಣಗಿಸಿ, ಚೆನ್ನಾಗಿ ಕಾದ ಬಾಣಲೆಯಲ್ಲಿ ಎಲ್ಲ ಬದಿಯೂ ಬಣ್ಣ ಬರುವವರೆಗೆ ಸುಡಿ. ತಣ್ಣಗಾಗಿಸಿ. ಶುದ್ಧ ಹಲಗೆ, ಬೇರೆ ಚಾಕು ತೆಗೆದುಕೊಂಡು ಬೆಂದ ಹೊರಭಾಗವನ್ನು ಧಾರಾಳವಾಗಿ ಕೆತ್ತಿ ತೆಗೆಯಿರಿ. ಮತ್ತೆ ಚಾಕು, ಹಲಗೆ, ಕೈ ತೊಳೆಯಿರಿ. ಈಗ ಉಳಿದ ಒಳಭಾಗವನ್ನು ಕೈಯಲ್ಲೇ ಸಣ್ಣಗೆ ಕೊಚ್ಚಿ. ಯಂತ್ರ ಬೇಡ, ಅದರ ಸಂದಿಗಳು ಪೂರ್ತಿ ಸ್ವಚ್ಛ ಆಗುವುದಿಲ್ಲ, ಮಾಂಸವೂ ಪೇಸ್ಟ್ ಆಗಿ ರುಚಿ ಕೆಡುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಅಪಾಯ ಸೊನ್ನೆ ಆಗುವುದಿಲ್ಲ, ಕಡಿಮೆಯಾಗುತ್ತದೆ.

ಉಪ್ಪು, ಕಾಳುಮೆಣಸು, ಸಣ್ಣಗೆ ಹೆಚ್ಚಿದ ಈರುಳ್ಳಿ, ಸಾಸಿವೆ ಪೇಸ್ಟ್, ಒಂದಿಷ್ಟು ಹುಳಿ. ಇವನ್ನು ಬಡಿಸುವ ಹೊತ್ತಿಗೆ ಮಾತ್ರ ಬೆರೆಸಿ, ಮೊದಲೇ ಬೆರೆಸಿದರೆ ಮಾಂಸ ನೀರು ಬಿಟ್ಟು ಬೂದು ಬಣ್ಣಕ್ಕೆ ತಿರುಗುತ್ತದೆ. ಮೇಲೆ ಹಸಿ ಮೊಟ್ಟೆಯ ಹಳದಿ ಇಡುವ ರೂಢಿ ಇದೆ. ಪಾಶ್ಚರೀಕರಿಸಿದ, ಅಂದರೆ ರೋಗಾಣು ಸಾಯುವಷ್ಟು ಹದವಾಗಿ ಬಿಸಿ ಮಾಡಿದ ಮೊಟ್ಟೆ ಸಿಕ್ಕರೆ ಇಡಿ, ಇಲ್ಲದಿದ್ದರೆ ಬಿಡಿ.

ಎಂಟನೇ ಹಂತ: ಮೀನು ಕತ್ತರಿಸುವುದು

ಮೊದಲು ಕೈ, ಹಲಗೆ, ಚಾಕು. ಇಡೀ ಕಡಲ ಮೀನಾದರೆ ಹೊರಮೈಯನ್ನು ನಲ್ಲಿಯ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಉಪ್ಪುನೀರಿನ ಜೀವಿ, ಸಿಹಿನೀರು ಅದಕ್ಕೆ ಆಗಿಬರುವುದಿಲ್ಲ. 1950ರಲ್ಲಿ ಒಸಾಕಾದಲ್ಲಿ ಸಣ್ಣ ಮೀನು ತಿಂದು ಜನ ಸತ್ತ ಪ್ರಕರಣದಲ್ಲಿ ಮೊದಲ ಸಲ ಪತ್ತೆಯಾದದ್ದು ಇದೇ. ಸುಲಿಯಲು ಬಳಸಿದ ಹಲಗೆಯಲ್ಲೇ ತೆಳು ಹೋಳು ಮಾಡಬೇಡಿ.

ಪ್ರತಿ ತುಂಡನ್ನೂ ಪ್ರಖರ ಬೆಳಕಿಗೆ ಹಿಡಿದು ನೋಡಿ, ಹೊಟ್ಟೆಯ ಕಡೆಯ ಭಾಗವನ್ನು ಹೆಚ್ಚು ಗಮನವಿಟ್ಟು. ಹುಳ ಕಂಡರೆ ಹಸಿ ತಿನ್ನುವ ಯೋಜನೆ ಅಲ್ಲಿಗೆ ಮುಗಿಯಿತು, ಬೇಯಿಸಿ. ಕಾಣಲಿಲ್ಲ ಅಂದರೆ ಇಲ್ಲ ಅಂತ ಅರ್ಥ ಅಲ್ಲ. ನೋಡುವುದು ಫ್ರೀಜಿಂಗ್ ಜೊತೆಗೆ, ಅದರ ಬದಲಿಗೆ ಅಲ್ಲ.

ಮೀನು ತಣ್ಣಗೆ ಗಟ್ಟಿಯಾಗಿರುವಾಗ ಕತ್ತರಿಸಿ. ಎಳೆಗಳಿಗೆ ಅಡ್ಡವಾಗಿ, ಚಾಕುವಿನ ಬುಡದಿಂದ ತುದಿಯವರೆಗೆ ಒಂದೇ ಎಳೆತದಲ್ಲಿ. ಗರಗಸದಂತೆ ಹಿಂದೆ ಮುಂದೆ ಆಡಿಸಿದರೆ ಮೇಲ್ಮೈ ಹರಿದು ಒರಟಾಗುತ್ತದೆ, ನಾಲಿಗೆಗೆ ಅದು ತಕ್ಷಣ ಗೊತ್ತಾಗುತ್ತದೆ. ಸಾಲ್ಮನ್, ಟ್ಯೂನಾದಂಥ ಮೆತ್ತಗಿನ ಮೀನು ಅರ್ಧ ಬೆರಳಿನಷ್ಟು ದಪ್ಪ ಇರಲಿ. ಬಿಳಿ ಮಾಂಸದ ಗಟ್ಟಿ ಮೀನನ್ನು ತಟ್ಟೆಯ ಚಿತ್ತಾರ ಕಾಣುವಷ್ಟು ತೆಳುವಾಗಿ ಹೆರೆಯಿರಿ. ಒಳ್ಳೆಯ ಮೀನು ತಂದು ಮೊಂಡು ಚಾಕುವಿನಿಂದ ಹಾಳು ಮಾಡುವವರೇ ಜಾಸ್ತಿ, ಹಾಗಾಗಿ ಖರ್ಚು ಮಾಡುವುದಾದರೆ ಮೊದಲು ಸಾಣೆಗೆ ಮಾಡಿ.

ಒಂಬತ್ತನೇ ಹಂತ: ನಿಂಬೆ, ಉಪ್ಪು, ವಸಾಬಿಯ ಮೇಲಿನ ನಂಬಿಕೆ ಬಿಡಿ

ನಿಂಬೆಯ ಹುಳಿಯಲ್ಲಿ ನೆನೆಸಿದ ಹಸಿ ಮೀನಿನ ಖಾದ್ಯವಾದ ಪೆರುವಿನ ಸೆವಿಚೆ ನೋಡಿದರೆ ಮೀನು ಬೆಂದಂತೆ ಬೆಳ್ಳಗಾಗಿರುತ್ತದೆ. ಹುಳಿ ಪ್ರೋಟೀನಿನ ಆಕಾರ ಬದಲಿಸುತ್ತದೆ, ಅಷ್ಟೇ. ಅನಿಸಾಕಿಸ್ ನಮ್ಮ ಹೊಟ್ಟೆಯ ಆಮ್ಲದಲ್ಲೇ ಬದುಕುವ ಹುಳ, ನಿಂಬೆ ರಸ ಅದಕ್ಕೆ ಏನು ಮಾಡೀತು? ಉಪ್ಪು ಸಕ್ಕರೆ ಸವರಿ ಇಡುವ ಗ್ರಾವ್ಲಾಕ್ಸ್, ತಣ್ಣನೆ ಹೊಗೆ ಹಾಕಿದ ಸಾಲ್ಮನ್ ಕೂಡ ಹಸಿಯೇ. ವಸಾಬಿ (ಸುಶಿ ಜೊತೆ ಕೊಡುವ ಖಾರದ ಹಸಿರು ಪೇಸ್ಟ್), ಖಾರದ ಸಾಸ್, ಜೊತೆಗೆ ಕುಡಿಯುವ ಮದ್ಯ ಯಾವುದೂ ಹುಳವನ್ನಾಗಲಿ ವಿಬ್ರಿಯೊವನ್ನಾಗಲಿ ಕೊಲ್ಲುತ್ತದೆ ಅಂತ ನಂಬಬೇಡಿ. ಇವೆಲ್ಲ ರುಚಿಗೆ. ಸೆವಿಚೆ ಮಾಡುವುದಾದರೆ ಫ್ರೀಜ್ ಆಗಿ ಕರಗಿದ ಮೀನಿನಲ್ಲೇ ಮಾಡಿ, ಹುಳಿಯಲ್ಲಿ ಹತ್ತು ಹದಿನೈದು ನಿಮಿಷ ಸಾಕು, ಜಾಸ್ತಿ ಹೊತ್ತು ಬಿಟ್ಟರೆ ರಬ್ಬರ್ ಆಗುತ್ತದೆ.

ಹತ್ತನೇ ಹಂತ: ಬಡಿಸುವುದು

ತಟ್ಟೆಯನ್ನು ಮೊದಲೇ ಫ್ರಿಜ್ಜಿನಲ್ಲಿ ತಣ್ಣಗಾಗಿಸಿ. 4 ಡಿಗ್ರಿಯಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೇಗ ಬೆಳೆಯುತ್ತವೆ. ಸಾಮಾನ್ಯ ಆಹಾರವನ್ನು ಹೊರಗೆ 2 ಗಂಟೆ, ಸೆಕೆ 32 ಡಿಗ್ರಿ ದಾಟಿದ್ದರೆ 1 ಗಂಟೆ ಇಡಬಹುದು ಅನ್ನುತ್ತಾರೆ. ಹಸಿ ತಿನ್ನುವುದಕ್ಕೆ ನಾನು ಅಷ್ಟು ಹೊತ್ತೂ ಕೊಡುವುದಿಲ್ಲ. ಸ್ವಲ್ಪ ಸ್ವಲ್ಪವೇ ಹೊರಗೆ ತಂದು ಬಡಿಸಿ. ಉಳಿದದ್ದನ್ನು ನಾಳೆಗೆ ಹಸಿಯಾಗಿ ಇಡಬೇಡಿ. ತಣ್ಣಗೇ ಇದ್ದದ್ದಾದರೆ ಆಗಲೇ ಬೇಯಿಸಿಬಿಡಿ. ತಿನ್ನುವಾಗ ನಾಲಿಗೆಗೆ ಮೆಣಸಿನಂತೆ ಚುರುಗುಟ್ಟಿದರೆ ಅಲ್ಲೇ ಉಗಿಯಿರಿ, ಅದು ಹಿಸ್ಟಮೀನ್ ಇರಬಹುದು.

ಹನ್ನೊಂದನೇ ಹಂತ: ಆಮೇಲೆ ಏನಾದರೂ ಆದರೆ

ಎಷ್ಟು ಹೊತ್ತಿನ ಮೇಲೆ ಶುರುವಾಯಿತು ಅನ್ನುವುದೇ ದೊಡ್ಡ ಸುಳಿವು. ಕೆಲವು ನಿಮಿಷದಿಂದ ಒಂದು ಗಂಟೆಯೊಳಗೆ ಮುಖ ಕೆಂಪಾಗಿ, ತಲೆನೋವು, ಎದೆ ಡವಡವ ಅಂದರೆ ಹಿಸ್ಟಮೀನ್ ಇರಬಹುದು. ಅಲರ್ಜಿಯ ಮಾತ್ರೆ ಸಾಮಾನ್ಯವಾಗಿ ಕೆಲಸ ಮಾಡುತ್ತದೆ, ಆದರೆ ಉಸಿರು ಕಟ್ಟಿದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೋಗಿ. ಅನಿಸಾಕಿಸ್‌ಗೇ ಅಲರ್ಜಿ ಆಗುವವರೂ ಇದ್ದಾರೆ, ಅಂಥವರಿಗೆ ಸತ್ತ ಹುಳವೂ ಸಾಕು. ಕೆಲವು ಗಂಟೆಗಳಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಚುಚ್ಚುವ ನೋವು, ವಾಂತಿ ಬಂದರೆ ಅನಿಸಾಕಿಸ್ ಇರಬಹುದು. ವೈದ್ಯರು ಎಂಡೋಸ್ಕೋಪ್ ಹಾಕಿ ಹುಳವನ್ನು ಹಿಡಿದು ಹೊರತೆಗೆಯುತ್ತಾರೆ, ತೆಗೆದ ಮೇಲೆ ನೋವು ಬೇಗ ಇಳಿಯುತ್ತದೆ.

ಹಸಿ ದನದ ಮಾಂಸ ತಿಂದು ಮೂರ್ನಾಲ್ಕು ದಿನದ ಮೇಲೆ ರಕ್ತ ಬೆರೆತ ಭೇದಿ ಶುರುವಾದರೆ ಇ. ಕೋಲೈ ಯೋಚನೆ ಬರಬೇಕು. ಆಗ ಭೇದಿ ನಿಲ್ಲಿಸುವ ಮಾತ್ರೆಯಾಗಲಿ, ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಆಗಲಿ ನೀವೇ ನುಂಗಬೇಡಿ, ಕಿಡ್ನಿಗೆ ಹೊಡೆತ ಬೀಳುವ ಅಪಾಯ ಜಾಸ್ತಿಯಾಗಬಹುದು. ಮೂತ್ರ ಕಡಿಮೆಯಾಯಿತು, ಮುಖ ಬಿಳಿಚಿತು ಅನ್ನಿಸಿದರೆ ತುರ್ತು ವಿಭಾಗಕ್ಕೆ. ಸಿಂಪಿ ತಿಂದ ಮೇಲೆ ಜ್ವರ, ನಡುಕ, ಚರ್ಮದ ಮೇಲೆ ಗುಳ್ಳೆ ಕಾಣಿಸಿಕೊಂಡರೆ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ, ರಾತ್ರಿ ಆಗಿದೆ ಬೆಳಗ್ಗೆ ನೋಡೋಣ ಅನ್ನಬೇಡಿ.

ವೈದ್ಯರ ಎದುರು ಕೂತಾಗ ಸಂಕೋಚ ಬೇಡ. ಏನು ತಿಂದಿರಿ, ಹಸಿಯಾಗಿ ತಿಂದಿರಾ, ಯಾವಾಗ, ಜೊತೆಗೆ ಇನ್ಯಾರು ತಿಂದರು, ಎಲ್ಲವನ್ನೂ ಅವರು ಕೇಳುವ ಮೊದಲೇ ಹೇಳಿ. ಹಸಿ ಮೀನಿನ ಮಾತು ಬಾರದಿದ್ದರೆ ಅನಿಸಾಕಿಸ್ ನೋವನ್ನು ಅಲ್ಸರ್ ಅಂತಲೋ ಅಪೆಂಡಿಕ್ಸ್ ಅಂತಲೋ ಅಂದುಕೊಳ್ಳುವುದು ಸುಲಭ. ಲಾಡಿಹುಳ ತಿಂಗಳುಗಳ ಮೇಲೆ ತುಂಡು ತುಂಡಾಗಿ ಹೊರಬರಬಹುದು, ಆಗಲೂ ಇದೇ ಮಾತು ನೆನಪಿನಿಂದ ತೆಗೆದು ಹೇಳಿ. ಅದಕ್ಕೆ ಒಳ್ಳೆಯ ಮಾತ್ರೆ ಇದೆ. ತಿಂದ ಮೀನಿನ ಅಥವಾ ಮಾಂಸದ ತುಂಡು ಉಳಿದಿದ್ದರೆ ಎಸೆಯಬೇಡಿ, ಕೊಂಡ ಚೀಟಿಯ ಜೊತೆ ಸುತ್ತಿ, ಬೇರೆ ಆಹಾರಕ್ಕೆ ತಾಗದಂತೆ ಫ್ರಿಜ್ಜಿನಲ್ಲಿ ಇಡಿ. ಪರೀಕ್ಷೆಗೆ ಬೇಕಾಗಬಹುದು, ಅದೇ ಮೀನು ಕೊಂಡ ಬೇರೆಯವರನ್ನು ಎಚ್ಚರಿಸುವುದಕ್ಕೂ ಬೇಕಾಗಬಹುದು.